ಮಂಡಿಯ ಓರೆ, ಅಸ್ಥಿರಜ್ಜುಗಳಿಗೆ ಹೊರೆ

ಮಂಡಿನೋವು ಎಂದೊಡನೆ ಮೂಳೆ ಸವೆತವನ್ನು ದೂರುವುದು ವಾಡಿಕೆ. ಆದರೆ ಕೀಲನ್ನು ಹಿಡಿದು ನಿಲ್ಲಿಸುವ ಅಸ್ಥಿರಜ್ಜುಗಳ, ಅಂದರೆ ಲಿಗಮೆಂಟ್‌ಗಳ, ಪಾಡನ್ನು ವಿಚಾರಿಸುವವರು ವಿರಳ. ಕಾಲಿನ ಓರೆಯಿಂದ ಸದ್ದಿಲ್ಲದೆ ಹಾನಿಗೊಳ್ಳುವುದು ಇವೂ ಹೌದು.

ಮಂಡಿಯ ಸ್ಥಿರತೆ ಮುಖ್ಯವಾಗಿ 4 ಅಸ್ಥಿರಜ್ಜುಗಳನ್ನು ಅವಲಂಬಿಸಿದೆ. ಒಳ ಮತ್ತು ಹೊರ ಪಕ್ಕಗಳಲ್ಲಿ ಒಂದೊಂದು. ಕೀಲಿನ ನಡುವೆ ಪರಸ್ಪರ ಅಡ್ಡಹಾಯುವ ಎರಡು. ಸೊಂಟದ ಕೀಲಿನ ಕೇಂದ್ರದಿಂದ ಪಾದದ ಕೀಲಿನ ಕೇಂದ್ರಕ್ಕೆ ಎಳೆದ ಗೆರೆ ಮಂಡಿಯ ನಡುಭಾಗದ ಸಮೀಪ ಹಾದುಹೋದರೆ ಕಾಲು ನೇರವಾಗಿದೆ ಎಂದರ್ಥ.

ಬಿಲ್ಲುಗಾಲಿನವರಲ್ಲಿ ಈ ಗೆರೆ ಒಳಬದಿಗೆ ಸರಿಯುತ್ತದೆ. ದೇಹದ ಭಾರವೂ ಅದನ್ನೇ ಹಿಂಬಾಲಿಸುತ್ತದೆ. ಒಳಬದಿಯ ಮೃದ್ವಸ್ಥಿ ಸವೆದಷ್ಟೂ ಬಾಗು ಹೆಚ್ಚುತ್ತದೆ, ಬಾಗು ಹೆಚ್ಚಿದಷ್ಟೂ ಸವೆತ. ಇತ್ತ ಹೊರಬದಿಯ ಅಸ್ಥಿರಜ್ಜು ಪ್ರತಿ ಹೆಜ್ಜೆಗೂ ಹಿಗ್ಗಿ, ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಹೆಜ್ಜೆಯೂರಿದಾಗ ಮಂಡಿ ಹೊರಕ್ಕೆ ಜಗ್ಗುವುದು ಇದರ ಲಕ್ಷಣ. ಒಳಬದಿಯ ಅಸ್ಥಿರಜ್ಜುವಾದರೋ ಬಹುಕಾಲದ ಬಾಗಿನಿಂದ ಮುದುಡಿ ಬಿಗಿದುಕೊಳ್ಳಬಹುದು. ಮಂಡಿಗಳು ಒಂದಕ್ಕೊಂದು ತಾಗುವ ಕಾಲುಗಳಲ್ಲಿ ಇದು ತಿರುವುಮುರುವು. ಜೊತೆಗೆ ಮಂಡಿಚಿಪ್ಪು ಹೊರಕ್ಕೆ ಜಾರುವ ಸಂಭವವೂ ಉಂಟು.

2 ವರ್ಷದೊಳಗಿನ ಮಕ್ಕಳ ಕಾಲು ಬಿಲ್ಲಿನಂತಿರುವುದು, 3-4ನೇ ವಯಸ್ಸಿನಲ್ಲಿ ಮಂಡಿಗಳು ತಾಗುವುದು ಸಹಜ. 7ರ ಹೊತ್ತಿಗೆ ಬಹುತೇಕ ಸರಿಹೋಗುತ್ತದೆ. ಎಣ್ಣೆ ನೀವಿದ ಅಜ್ಜಿಯರಿಗೆ ಸಲ್ಲುವ ಕೀರ್ತಿ ವಾಸ್ತವವಾಗಿ ವಯಸ್ಸಿಗೆ ಸಲ್ಲಬೇಕು! ಆದರೆ ಒಂದೇ ಕಾಲು ಬಾಗಿದ್ದರೆ ಅಥವಾ ಬಾಗು ಹೆಚ್ಚುತ್ತಲೇ ಇದ್ದರೆ ಡಿ ಜೀವಸತ್ವದ ಕೊರತೆಯೂ ಸೇರಿದಂತೆ ಬೇರೆ ಕಾರಣಗಳನ್ನು ಶೋಧಿಸಬೇಕು.

ಆಟಗಾರರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಹರಿದ ಅಸ್ಥಿರಜ್ಜುವಿನ ಜಾಗದಲ್ಲಿ ಹೊಸದನ್ನು ಜೋಡಿಸಿದರೂ, ಗಣನೀಯ ಬಾಗನ್ನು ಹಾಗೆಯೇ ಬಿಟ್ಟರೆ ಜೋಡಣೆಯ ಮೇಲೆ ಅದೇ ಎಳೆತ ಮುಂದುವರಿಯುತ್ತದೆ. ಅದು ಮತ್ತೆ ಸೋಲುವ ಅಪಾಯವೂ ಹೆಚ್ಚು. ಎಂಆರ್‌ಐ ಹರಿತವನ್ನು ತೋರಿಸೀತು, ನಿಂತಾಗಿನ ಬಾಗನ್ನಲ್ಲ. ಅದಕ್ಕೆ ಸೊಂಟದಿಂದ ಪಾದದವರೆಗೆ, ನಿಲ್ಲಿಸಿಯೇ ತೆಗೆದ ಎಕ್ಸ್‌ರೇ ಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಅಗತ್ಯವಿದ್ದಲ್ಲಿ ಮೂಳೆಯನ್ನು ಕತ್ತರಿಸಿ, ಕೋನ ತಿದ್ದಿ, ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ. ಹೊರಬದಿ ಸಡಿಲವಾದ ಕೆಲವರಿಗೆ ಇಷ್ಟರಿಂದಲೇ ಮಂಡಿ ನಿಲುವಿಗೆ ಬಂದು, ಅಸ್ಥಿರಜ್ಜುವಿನ ಪ್ರತ್ಯೇಕ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ ನೋವನ್ನು ತಗ್ಗಿಸುತ್ತವೆ, ಬಾಗಿದ ಮೂಳೆಯನ್ನು ನೇರಗೊಳಿಸಲಾರವು. ಔಷಧದಂಗಡಿಯ ಎಲಾಸ್ಟಿಕ್ ಮಂಡಿಪಟ್ಟಿಯೂ ಅಷ್ಟೇ.