ದುರ್ಗವು ಬಿದ್ದ ಮೇಲೆ

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರ, ಎಂದರೆ ತ. ರಾ. ಸು. ಅವರ, ಚಿತ್ರದುರ್ಗದ ಕಾದಂಬರಿಮಾಲೆಯನ್ನು ಮೊರಬದ ನಮ್ಮ ಮನೆಯಲ್ಲಿ ಈ ಮಳೆಗಾಲಕ್ಕೆ ಓದಿ ಮುಗಿಸಿದೆವು. ರಾತ್ರಿ ಊಟವಾದ ಬಳಿಕ ನಾನು ಗಟ್ಟಿಯಾಗಿ ಓದುವದು, ಮನೆಯವರು ಕೇಳುವದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳು ಭರದಿಂದ ಸಾಗಿದವು. ಕಡೆಯದಾದ ‘ದುರ್ಗಾಸ್ತಮಾನ’ಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಏನಾದರೊಂದು ಕೆಲಸವು ನೆನಪಾಗತೊಡಗಿತು. ಹೆಸರಿನಲ್ಲಿಯೇ ಫಲವನ್ನು ಸಾರಿರುವ ಗ್ರಂಥವನ್ನು ಮುಂದೂಡಿದರೆ ದುರ್ಗವು ಉಳಿಯುವದೇ?

ಮುಗಿಸಿದ ರಾತ್ರಿ ಮೊಮ್ಮಗಳು, “ಮೋಸ ಮಾಡಿದವರು ಯಾರು, ಅಜ್ಜಾ?” ಎಂದು ಕೇಳಿದಳು. “ಒಳಗಿನವರೇ” ಎಂದುಬಿಟ್ಟೆನು. ಆ ಉತ್ತರವು ಸುಳ್ಳಲ್ಲ, ಆದರೆ ಸಾಲದು.

1777ರಲ್ಲಿ ಮರಾಠರೂ ನಿಜಾಮನೂ ಕೂಡಿ ಹೈದರನ ಮೇಲೆ ಬರುವದನ್ನು ಕಂಡು, ಅವನು ಉಳಿಯಲಾರನೆಂದು ಬಗೆದು ಮದಕರಿನಾಯಕನು ತನ್ನ ಸೈನ್ಯವನ್ನು ಕಳುಹದೆ ತಡೆದನು. ಎಣಿಕೆಯು ತಪ್ಪಿತು. ಹೈದರನು ದುರ್ಗವನ್ನು ಮುತ್ತಿ, ತಿಂಗಳುಗಟ್ಟಲೆ ಹೆಣಗಿ, ಕಡೆಗೆ ದಂಡದ ಹಣಕ್ಕೆ ಒಪ್ಪಿ ಹಿಂದಿರುಗಿದನು. 1778ರಲ್ಲಿ ನಮ್ಮ ಧಾರವಾಡವೂ ಮರಾಠರ ಕೈತಪ್ಪಿ ಅವನ ವಶವಾಯಿತು. ನಾವು ದೂರದ ಕಥೆಯೆಂದು ಓದುವದು ನಮ್ಮ ಹೊಲಗಳ ಮೇಲಿಂದಲೇ ಹಾದುಹೋದ ಬಿರುಗಾಳಿಯಾಗಿದ್ದಿತು! ಎರಡನೆಯ ಸಲವೂ ನಾಯಕನು ಹೈದರನ ಕರೆಗೆ ಓಗೊಡಲು ಅನುಮಾನಿಸಿದನು. 1779ರಲ್ಲಿ ಕೋಟೆಯೊಳಗಿನ ಕೆಲವು ಸೈನಿಕರ ದ್ರೋಹದಿಂದ ದುರ್ಗವು ಬಿದ್ದಿತು. ಬಾಗಿಲನ್ನು ತೆರೆದವರು ದ್ರೋಹಿಗಳು ನಿಜ. ಆದರೆ ವೈರಿಯನ್ನು ಆ ಬಾಗಿಲಿಗೆ ಎರಡು ಸಲ ತಂದದ್ದು ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಪಾಳೆಯಗಾರನ ಲೆಕ್ಕಾಚಾರ. ಅವನಿಗೆ ಬೇರೆ ದಾರಿಯಿದ್ದಿತೆಂದು ನಾನು ಹೇಳಲಾರೆನು.

ನಾಯಕನು ಪರಿವಾರಸಮೇತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಇಷ್ಟು ಎಲ್ಲರಿಗೂ ಗೊತ್ತು. ಅವನ ಹಿಂದೆ ಸುಮಾರು 20,000 ಬೇಡರನ್ನೂ ದುರ್ಗದ ಸೀಮೆಯಿಂದ ಕಿತ್ತು ಅದೇ ದ್ವೀಪಕ್ಕೆ ಸಾಗಿಸಿದರು. ಅವರ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಪಡೆಗಳಲ್ಲಿ ಸೇರಿಸಿದರು. ಅರಸನಿಗಾಗಿ ನಮ್ಮ ಮನೆಯಲ್ಲಿ ಅತ್ತವರುಂಟು. ಈ ಹುಡುಗರಿಗಾಗಿ ಅಳಲು ಅವರ ಒಂದು ಹೆಸರಾದರೂ ಗೊತ್ತಿರಬೇಡವೇ? ಕಾದಂಬರಿಕಾರನನ್ನು ನಾನು ದೂರುತ್ತಿಲ್ಲ. ಅರಸುಮನೆತನದ ಕಥೆಯು ಅರಸನೊಡನೆ ಮುಗಿಯುವದು ಸಹಜ.

ಸುಬ್ಬರಾಯರ ‘ದುರ್ಗಾಸ್ತಮಾನ’ವು 1982ರಲ್ಲಿ ಪ್ರಕಟವಾಯಿತು, 1984ರ ಏಪ್ರಿಲದಲ್ಲಿ ಅವರು ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು 1985ರಲ್ಲಿ ಬಂದಿತು.

ಮರುದಿನ ಮೊಮ್ಮಗಳನ್ನು ಕರೆದು ನನ್ನ ಉತ್ತರವನ್ನು ತಿದ್ದಿದೆನು. ಅವಳು ಎಲ್ಲವನ್ನೂ ಕೇಳಿ, “ಆ ಹುಡುಗರು ಆಮೇಲೆ ದುರ್ಗಕ್ಕೆ ತಿರುಗಿ ಬಂದರೇ?” ಎಂದಳು. ಪುಸ್ತಕಗಳನ್ನು ಇನ್ನೂ ಕಪಾಟಿನಲ್ಲಿ ಇಟ್ಟಿಲ್ಲ.