ಗಾಳ ಹಾಕೋರ ಚರಿತ್ರೆ | ಓಲ್ಡ್ ಟೌನ್ ಕಥೆಗಳು 🎣

ಭದ್ರಾ ಹೊಳೆಗೆ ಗಾಳ ಹಾಕೋರನ್ನ ನೋಡಿದ್ದೀರಲ್ಲ? ಮೀನಿಗೆ ಎರೆಹುಳ ಕಾಣುತ್ತೆ, ಕೊಕ್ಕೆ ಕಾಣಲ್ಲ. 'ಫಿಶಿಂಗ್' ಮೋಸಕ್ಕೆ ಹೆಸರು ಬಂದದ್ದೂ ಹಾಗೇ.

1990ರ ದಶಕದ ನಡುವೆ ಅಮೆರಿಕದಲ್ಲಿ ಕೆಲವರು 'ಅಮೆರಿಕಾ ಆನ್‌ಲೈನ್' ಕಂಪನಿಯವರಂತೆ ನಟಿಸಿ ಜನರ ಪಾಸ್‌ವರ್ಡ್ ಕೇಳ್ತಿದ್ದರು. ಆಮೇಲೆ ಈಬೇ, ಪೇಪಾಲ್ ಹೆಸರಿನ ಸುಳ್ಳು ಮೇಲ್‌ಗಳು ಬಂದವು.

ನಮ್ಮಲ್ಲಿ? 2005ರಲ್ಲಿ ನಾಸ್ಕಾಂ ಹೂಡಿದ್ದ ಕೇಸಲ್ಲಿ ದೆಹಲಿ ಹೈಕೋರ್ಟ್ ಫಿಶಿಂಗ್ ಕಾನೂನುಬಾಹಿರ ಎಂದಿತು. ಆಗ ಇದಕ್ಕೆಂದೇ ಕಾನೂನು ಇರಲಿಲ್ಲ! 2007ರಲ್ಲಿ ಬೆಂಗಳೂರಲ್ಲಿ ಫ್ಲಿಪ್‌ಕಾರ್ಟ್ ಶುರುವಾಯ್ತು. 2008ರ ಐಟಿ ಕಾಯ್ದೆ ತಿದ್ದುಪಡಿಯಲ್ಲಿ 66ಡಿ ಕಲಂ ಬಂತು: ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಹುಳ ಬದಲಾಗಿದೆ, ಕೊಕ್ಕೆ ಅದೇ. 'ನಿಮ್ಮ ಪಾರ್ಸೆಲ್ ನಿಂತಿದೆ', 'ರೀಫಂಡ್ ಬಂದಿದೆ', 'ಇವತ್ತೇ ಕೊನೆ' ಅಂತ ಅವಸರ ಮಾಡಿಸ್ತಾರೆ. ಆಗ ಲಿಂಕ್ ಒತ್ತಬೇಡಿ. ಕಳಿಸಿದವರ ಪೂರ್ತಿ ವಿಳಾಸ ಓದಿ. ಅಂಗಡಿ ಹೆಸರು ಎಲ್ಲೋ ನಡುವೆ ಇದ್ದರೆ ಸಾಲದು, 'ಡಾಟ್ ಕಾಮ್'ಗೆ ಅಂಟಿಕೊಂಡೇ ಇರಬೇಕು. ಅದೂ ಪೂರ್ತಿ ಗ್ಯಾರಂಟಿ ಅಲ್ಲ, ಹಾಗಾಗಿ ಆ್ಯಪ್ ನೀವೇ ತೆರೆದು ಆರ್ಡರ್ ನೋಡಿ. ದುಡ್ಡು ನಮಗೆ ಬರೋದಕ್ಕೆ ಯುಪಿಐ ಪಿನ್ ಬೇಕಾಗಲ್ಲ, ನೆನಪಿರಲಿ.

ದುಡ್ಡು ಹೋಗೇಬಿಡ್ತಾ? ಅಮ್ಮ ಬೈತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ಆ ಹಣ ಮುಂದೆ ಹೋಗದಂತೆ ತಡೆಯೋ ಸಾಧ್ಯತೆ ಜಾಸ್ತಿ. ನಾಚಿಕೆ ಪಡಬೇಕಾದ್ದು ಗಾಳ ಹಾಕಿದವನು, ನೀವಲ್ಲ.

ಇವತ್ತು ರಾತ್ರಿ ಮನೇಲಿ ಅಪ್ಪ-ಅಮ್ಮನ ಫೋನ್ ಹಿಡಿದು ಇದಿಷ್ಟು ತೋರಿಸ್ತೀರಾ? 👇

#ಓಲ್ಡ್‌ಟೌನ್ #ಭದ್ರಾವತಿ #ಗಾಳ