ಬಯಲನಾಡಿನ ಕಾಂಪೌಂಡರರು

ಹೊಯ್ಸಳರ ಕಾಲದ ಶಾಸನಗಳು ಬಯಲನಾಡೆಂದು ಕರೆದ ಸೀಮೆಯೇ ಇಂದಿನ ವಯನಾಡು. ಬಾವಲಿಯ ಹೊಳೆ ದಾಟಿದರೆ ಹೆಗ್ಗಡದೇವನಕೋಟೆಯ ಸೀಮೆ, ಮುತ್ತಂಗದ ಕಾಡು ಕಳೆದರೆ ಗುಂಡ್ಲುಪೇಟೆಯ ದಾರಿ, ತೋಲ್ಪೆಟ್ಟಿಯಾಚೆ ಕೊಡಗಿನ ಕುಟ್ಟ. ಈ ನಾಡಿನ ಚರಿತ್ರೆ ಬರೆದವರು ಅರಸರನ್ನೂ ತೋಟದ ದೊರೆಗಳನ್ನೂ ನೆನೆದಿದ್ದಾರೆ. ಔಷಧಾಲಯದ ಕಿಟಕಿಯ ಹಿಂದೆ ನಿಂತು ಮದ್ದು ಬೆರೆಸಿ ಕೊಟ್ಟ ಕಾಂಪೌಂಡರನನ್ನು ನೆನೆದವರು ವಿರಳ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕಾಫಿ ತೋಟಗಳು ಹಬ್ಬಿದಾಗ ಮೈಸೂರು ಸೀಮೆಯಿಂದಲೂ ಕೂಲಿಕಾರರು ಬಂದರು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ತಿರುವಾಂಕೂರಿನ ರೈತರು ಬಂದು ನೆಲಸಿದರು. ಎಲ್ಲರನ್ನೂ ಇದಿರುಗೊಂಡದ್ದು ಚಳಿಜ್ವರ, ಇಲ್ಲಿಯ ಮಾತಿನಲ್ಲಿ ಮಲಂಪನಿ. ಅದಕ್ಕೆ ಮದ್ದು ಸಿಂಕೋನಾ ತೊಗಟೆಯಿಂದ ತೆಗೆದ ಕ್ವಿನೈನ್. ನೆರೆಯ ನೀಲಗಿರಿಯಲ್ಲಿ ಸರ್ಕಾರವು ಸಿಂಕೋನಾ ಬೆಳೆಸಿ, ನಡುವಟ್ಟಂನಲ್ಲಿ ಕಾರ್ಖಾನೆಯನ್ನೂ ನಡೆಸಿತು.

ಆದರೆ ಕ್ವಿನೈನ್ ಸಲ್ಫೇಟ್ ಬರಿಯ ನೀರಿನಲ್ಲಿ ಸುಲಭವಾಗಿ ಕರಗದು. ಕಾಂಪೌಂಡರನು ಅದನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಕರಗಿಸಿ, ಸೀಸೆಗೆ ತುಂಬಿ, ಹೊರಮೈಗೆ ಹೊತ್ತುಹೊತ್ತಿನ ಅಳತೆ ತೋರುವ ಕಾಗದದ ಪಟ್ಟಿ ಅಂಟಿಸುತ್ತಿದ್ದನು. ಓದುಬಾರದ ರೋಗಿಗೆ ಆ ಪಟ್ಟಿಯೇ ವೈದ್ಯರ ಮಾತು. ಅಂದಿನ ತೂಕ ಗ್ರೈನ್, ಡ್ರಾಮ್, ಔನ್ಸುಗಳದು. ಅರವತ್ತು ಗ್ರೈನಿಗೆ ಒಂದು ಡ್ರಾಮ್. ಒಂದು ಗುರುತನ್ನು ಮತ್ತೊಂದೆಂದು ಓದಿದರೆ ಮದ್ದು ಅರವತ್ತು ಪಾಲಾಗುತ್ತಿತ್ತು. ಅಫೀಮಿನ ಅರ್ಕವೂ ಅದೇ ಕೋಣೆಯಲ್ಲಿರುತ್ತಿದ್ದುದರಿಂದ ಅವನ ಎಚ್ಚರವೇ ರೋಗಿಯ ಪ್ರಾಣಕ್ಕೆ ಕಾವಲಾಗಿತ್ತು.

ಇಷ್ಟು ಹೊಣೆಯ ಕೆಲಸಕ್ಕೆ ದೇಶಕ್ಕೆಲ್ಲ ಒಂದೇ ಆದ ಶಿಕ್ಷಣದ ಕಟ್ಟಳೆ ಬಹುಕಾಲ ಇರಲಿಲ್ಲ. 1930ರಲ್ಲಿ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಈ ಕೊರತೆಯನ್ನು ಎತ್ತಿ ತೋರಿತು. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಔಷಧಶಾಸ್ತ್ರದ ಪಾಠವನ್ನು ಆರಂಭಿಸಿದರು. 1948ರ ಫಾರ್ಮಸಿ ಕಾಯಿದೆ ನೋಂದಣಿಯನ್ನು ತಂದಿತು. ಅನುಭವವುಳ್ಳ ಹಳೆಯ ಕಾಂಪೌಂಡರರಿಗೂ ಮೊದಲ ಪಟ್ಟಿಯಲ್ಲಿ ಸೇರಲು ದಾರಿಯಿತ್ತು. ಕ್ರಮೇಣ ಡಿಪ್ಲೊಮಾ ಪಡೆದ ಫಾರ್ಮಸಿಸ್ಟರು ಬಂದರು. ಮಾತ್ರೆಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದಂತೆ ತಕ್ಕಡಿ ಮೂಲೆ ಸೇರಿತು.

ಕೆಲಸ ಹಗುರವಾಯಿತೆನ್ನಲಾಗದು. ವಯನಾಡಿನ ಹಲವು ಬುಡಕಟ್ಟುಗಳಲ್ಲಿಯೂ ವಯನಾಡನ್ ಚೆಟ್ಟಿಯವರಲ್ಲಿಯೂ ಕುಡುಗೋಲು ಕಣದ ರಕ್ತಹೀನತೆ ಕಂಡುಬಂದಿದೆ. ಅದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ದಿನವೂ ತಪ್ಪದೆ, ಅಳತೆ ಮೀರದೆ ಸಲ್ಲಬೇಕಾದ ಮದ್ದು. ನಡುನಡುವೆ ರಕ್ತಪರೀಕ್ಷೆಯೂ ಆಗಬೇಕು. ಇದನ್ನು ರೋಗಿಗೆ ತಿಳಿಯುವ ನುಡಿಯಲ್ಲಿ ಹೇಳುವವರಿರಬೇಕು. ಗಡಿಸೀಮೆಯಲ್ಲಿ ಆ ನುಡಿ ಮಲಯಾಳವಿರಬಹುದು, ಕನ್ನಡವಿರಬಹುದು, ಕಾಡಿನ ಹಾಡಿಯ ಮಾತಿರಬಹುದು.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗೆರೆ ಎಳೆಯಲಾಯಿತು. ಅದೇ ದಿನಾಂಕದಂದು 1980ರಲ್ಲಿ ವಯನಾಡು ಜಿಲ್ಲೆಯಾಯಿತು. ಜ್ವರ ಮಾತ್ರ ಯಾವ ಗೆರೆಯನ್ನೂ ಕೇಳಲಿಲ್ಲ. ನಮ್ಮ ಸಂಘದ ಮನೆಗಳಲ್ಲಿ ಕಾಂಪೌಂಡರಾಗಿದ್ದ ಹಿರಿಯರಿದ್ದರೆ, ಅವರ ತಕ್ಕಡಿ, ಸೀಸೆ, ಟಿಪ್ಪಣಿ ಪುಸ್ತಕಗಳನ್ನು ಹಳೆಯ ಸಾಮಾನೆಂದು ಮಾರದೆ ಕಾಯ್ದಿಡಬೇಕು. ಬಯಲನಾಡಿನ ಬರೆಯದ ಚರಿತ್ರೆಯ ಒಂದು ಅಧ್ಯಾಯ ಅವುಗಳಲ್ಲಿದೆ.